ಬಾವುಟದಿಂದ ಹಿಂದಕ್ಕೆ

ಗಡಿಯಾರದಲ್ಲಿ ರಾತ್ರಿ ಎಂಟೂವರೆ. ನಮ್ಮೂರಲ್ಲಾದರೆ ಊಟದ ತಟ್ಟೆ ಎದುರಿಗೆ ಬಂದಿರುವ ಹೊತ್ತು. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಕಾರ್ನೂಸ್ಟಿಯಲ್ಲಿ ಜುಲೈ ತಿಂಗಳ ಸೂರ್ಯ ಮುಳುಗಲು ಇನ್ನೂ ಒಂದು ಗಂಟೆಗೂ ಹೆಚ್ಚು ಬೇಕು. ಇಳಿಬಿಸಿಲು ಹುಲ್ಲಿನ ಮೇಲೆ ಅಡ್ಡಡ್ಡ ಬಿದ್ದು, ಹಗಲಿಡೀ ಚಪ್ಪಟೆಯಾಗಿ ಕಾಣುತ್ತಿದ್ದ ನೆಲದ ಉಬ್ಬುತಗ್ಗುಗಳೆಲ್ಲ ನೆರಳು ಹೊತ್ತು ಎದ್ದು ಕೂತಿವೆ. ಡಂಡೀಯಿಂದ ಅಬರ್ಡೀನಿಗೆ ಹೋಗುವ ರೈಲು ಅಂಚಿನಲ್ಲಿ ಸದ್ದು ಮಾಡಿ ಮರೆಯಾಗುತ್ತದೆ. ಆಟಗಾರರು ಬಿಡಾರ ಸೇರಿದ್ದಾರೆ. ಹದಿನೆಂಟನೇ ಗ್ರೀನಿನ ಮೇಲೆ ಬಿಳಿ ಟೋಪಿಯ, ಕಟ್ಟುಮಸ್ತಲ್ಲದ ಮೈಯ ಒಬ್ಬ ನಿಂತಿದ್ದಾನೆ. ಕೈಯಲ್ಲಿ ಕ್ಲಬ್ ಇಲ್ಲ, ಸಿಗರೇಟಿದೆ. ಚೆಂಡು ಬರಬೇಕಾದ ದಾರಿಯನ್ನೇ ದಿಟ್ಟಿಸುತ್ತಾನೆ. ಆಮೇಲೆ ಮೆಲ್ಲಗೆ ಕಾಲೆಳೆದುಕೊಂಡು ಆ ದಾರಿಯಲ್ಲೇ ಎದುರಾಗಿ ಹೊರಡುತ್ತಾನೆ, ಗ್ರೀನಿನಿಂದ ಟೀ ಕಡೆಗೆ. ಹದಿನೆಂಟಾಯಿತು, ಇನ್ನು ಹದಿನೇಳು, ಆಮೇಲೆ ಹದಿನಾರು.

ಸಿಗರೇಟು, ಬಿಸಿಲು ನಾನು ಕಟ್ಟಿಕೊಂಡ ಚಿತ್ರ. ಬೆನ್ ಹೋಗನ್ 1953ರಲ್ಲಿ ಬ್ರಿಟಿಷ್ ಓಪನ್‌ಗೆಂದು ಬಂದು, ಸಂಜೆಗಳಲ್ಲಿ ಕೋರ್ಸನ್ನು ಹೀಗೆ ಕೊನೆಯಿಂದ ಮೊದಲಿಗೆ ನಡೆದು ನೋಡಿದ ಸಂಗತಿಯನ್ನು ಮಾತ್ರ ಗಾಲ್ಫ್ ಬಲ್ಲವರೆಲ್ಲ ಹೇಳಿಕೊಂಡು ಬಂದಿದ್ದಾರೆ. ಆಗ ಆತನಿಗೆ ನಲವತ್ತು. ಆ ವರ್ಷ ಮಾಸ್ಟರ್ಸ್ ಗೆದ್ದಾಗಿತ್ತು, ಓಕ್‌ಮಾಂಟ್‌ನಲ್ಲಿ ಅಮೆರಿಕನ್ ಓಪನ್ ಗೆದ್ದಾಗಿತ್ತು. ಸ್ಕಾಟ್ಲೆಂಡಿನ ಕಡಲಂಚಿನ ಲಿಂಕ್ಸ್ ನೆಲದ ಮೇಲೆ ಮಾತ್ರ ಒಂದು ಪಂದ್ಯವನ್ನೂ ಆಡಿರಲಿಲ್ಲ. ಅದಕ್ಕೇ ಎರಡು ವಾರ ಮೊದಲೇ ಬಂದಿಳಿದಿದ್ದ.

ನಡೆಯುವುದು ಆತನಿಗೆ ಸಲೀಸಿನ ಕೆಲಸವಾಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು. 1949ರ ಫೆಬ್ರವರಿಯಲ್ಲಿ ಟೆಕ್ಸಸ್‌ನ ಮಂಜು ಕವಿದ ಹೆದ್ದಾರಿಯಲ್ಲಿ ಎದುರಿನಿಂದ ಬಸ್ಸೊಂದು ಬಂದು ಆತನ ಕಾರಿಗೆ ಅಪ್ಪಳಿಸಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಡತಿಯನ್ನು ಕಾಪಾಡಲು ಅಡ್ಡ ಬಿದ್ದದ್ದರಿಂದಲೇ ಆತನ ಜೀವವೂ ಉಳಿಯಿತು. ಸೊಂಟದ ಮೂಳೆ, ಕೊರಳೆಲುಬು, ಹರಡು ಮುರಿದವು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು. ಆಮೇಲೆ ಬದುಕಿರುವಷ್ಟು ದಿನವೂ ಕಾಲಿಗೆ ಪಟ್ಟಿ ಸುತ್ತಿಕೊಂಡೇ ಆಡಬೇಕಾಯಿತು. ಅಂಥ ಕಾಲುಗಳನ್ನು ಆತ ಸಂಜೆಯ ಹೊತ್ತು ಬರಿಗೈಯ ನಡಿಗೆಗೆ ಸವೆಸಿದ್ದ. ಅದು ಎಷ್ಟು ಬೆಲೆಯ ಕೆಲಸ ಎಂದು ಆತನಿಗೆ ಗೊತ್ತಿತ್ತು ಅಂತಲೇ ಅರ್ಥ.

ಹಿಮ್ಮುಖವಾಗಿ ಏಕೆ? ಟೀ ಮೇಲೆ ನಿಂತವನಿಗೆ ಕೋರ್ಸ್ ಸುಳ್ಳು ಹೇಳುತ್ತದೆ. ವಿನ್ಯಾಸ ಮಾಡಿದವನು ತೋರಿಸಬೇಕೆಂದಷ್ಟನ್ನೇ ನಾವು ಅಲ್ಲಿಂದ ನೋಡುತ್ತೇವೆ. ಅಗಲ ಇರುವಲ್ಲಿ ಇಕ್ಕಟ್ಟು ಕಾಣಿಸುತ್ತದೆ, ಗುಂಡಿ ಇರುವಲ್ಲಿ ಬರೀ ಹಸಿರು. ಗ್ರೀನಿನಿಂದ ತಿರುಗಿ ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಬಾವುಟ ಇಲ್ಲಿದೆ, ಹಾಗಾದರೆ ಚೆಂಡು ಯಾವ ಕಡೆಯಿಂದ ಬಂದರೆ ಸುಲಭವಾಗಿ ಒಳಗೆ ಉರುಳುತ್ತದೆ? ಎಡದಿಂದ. ಎಡದಿಂದ ಬರಬೇಕಾದರೆ ಅದರ ಹಿಂದಿನ ಹೊಡೆತ ಎಲ್ಲಿ ನಿಲ್ಲಬೇಕು? ಅಲ್ಲಿ ನಿಲ್ಲಬೇಕಾದರೆ ಟೀಯಿಂದ ಎಷ್ಟು ಗಜ, ಯಾವ ಕ್ಲಬ್? ನಮ್ಮ ಕಡೆ ಜಮೀನು ಕೊಳ್ಳಲು ಹೋದ ಹಿರಿಯರು ರಸ್ತೆಯಲ್ಲಿ ನಿಂತು ವ್ಯಾಪಾರ ಮುಗಿಸುತ್ತಿರಲಿಲ್ಲ. ಹಿಂಬದಿಯ ಬದುವಿನ ಮೇಲೆ ನಡೆದು, ಮಳೆಗಾಲದಲ್ಲಿ ನೀರು ಎತ್ತ ಹರಿಯುತ್ತದೆ ಎಂದು ನೋಡಿ ಆಮೇಲೆ ಬಾಯಿ ಬಿಡುತ್ತಿದ್ದರು. ಹೋಗನ್ ಮಾಡಿದ್ದೂ ಅದೇ.

ಕಾರ್ನೂಸ್ಟಿಯಲ್ಲಿ ನೀರು ಎತ್ತ ಹರಿಯುತ್ತದೆ ಎನ್ನುವುದು ಬರೀ ಉಪಮೆಯೂ ಅಲ್ಲ. ಬ್ಯಾರಿ ಬರ್ನ್ ಎಂಬ ತೊರೆ, ಕಲ್ಲು ಕಟ್ಟಿದ ದಡಗಳ ನಡುವೆ, ಕೊನೆಯ ಹೋಲ್‌ಗಳ ತುಂಬ ಹಾವಿನಂತೆ ಬಳುಕುತ್ತದೆ. ಹದಿನೇಳನೆಯದರ ಹೆಸರೇ ‘ಐಲೆಂಡ್’: ಫೇರ್‌ವೇಯನ್ನು ತೊರೆ ಸುತ್ತುಹಾಕಿದೆ. ಹದಿನೆಂಟರಲ್ಲಿ ಅದು ಮತ್ತೆ ಅಡ್ಡ ಬಂದು ಗ್ರೀನಿನ ಮುಂದೆಯೇ ಮಲಗಿದೆ. 1999ರ ಬ್ರಿಟಿಷ್ ಓಪನ್‌ನಲ್ಲಿ ಫ್ರಾನ್ಸಿನ ಜಾನ್ ವಾನ್ ಡ ವೆಲ್ಡ್ ಮೂರು ಹೊಡೆತ ಮುಂದಿದ್ದವನು, ಆ ಕೊನೆಯ ಹೋಲ್‌ನಲ್ಲಿ ಬೂಟು ಕಾಲ್ಚೀಲ ಬಿಚ್ಚಿ, ಪ್ಯಾಂಟು ಮಡಚಿ ಈ ತೊರೆಗಿಳಿದು ನಿಂತದ್ದನ್ನು ಟಿವಿಯಲ್ಲಿ ನೋಡಿದವರು ಮರೆತಿರಲಾರರು. ನಾಲ್ಕರ ಹೋಲ್‌ಗೆ ಏಳು ಹೊಡೆತ. ಹೆಚ್ಚುವರಿ ಹೋಲ್‌ಗಳಲ್ಲಿ ಗೆದ್ದವನು ಪಾಲ್ ಲಾರಿ, ಆ ದಿನ ಬೆಳಿಗ್ಗೆ ಹತ್ತು ಹೊಡೆತ ಹಿಂದಿದ್ದವನು. ಆ ಹೋಲ್‌ನಲ್ಲಿ ಆರು ಹೊಡೆದಿದ್ದರೂ ಫ್ರಾನ್ಸಿನವನೇ ಗೆಲ್ಲುತ್ತಿದ್ದ!

ಮೊದಲ ದಿನಗಳಲ್ಲಿ ಹೋಗನ್‌ನನ್ನು ಹೆಚ್ಚು ಕಾಡಿದ್ದು ತೊರೆಯಲ್ಲ, ಚೆಂಡು. ಆ ಕಾಲಕ್ಕೆ ಬ್ರಿಟನ್ನಿನ ಚೆಂಡು 1.62 ಅಂಗುಲ ದಪ್ಪ, ಅಮೆರಿಕದ್ದು 1.68. ತೂಕ ಎರಡಕ್ಕೂ ಒಂದೇ. ಬೆರಳಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ, ಕಾಗದದ ಹಾಳೆಗಳನ್ನು ಮಡಚಿಟ್ಟಷ್ಟು. ಗಾಳಿಗೆ ಗೊತ್ತಾಗುತ್ತದೆ. ಚಿಕ್ಕ ಚೆಂಡು ಎದುರುಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ದೂರ ಹೆಚ್ಚು. ಹಾಗಾಗಿ ಆತ ಇಷ್ಟು ವರ್ಷ ಮೈಗೂಡಿಸಿಕೊಂಡಿದ್ದ ಗಜದ ಲೆಕ್ಕವೆಲ್ಲ ಅಲ್ಲಿಗೆ ರದ್ದು. ನೆಲವೂ ಅಷ್ಟೇ: ಟೆಕ್ಸಸ್ಸಿನಲ್ಲಿ ಹುಲ್ಲಿನ ಜತೆ ಮಣ್ಣೂ ಕಿತ್ತು ಬರುವಂತೆ ಹೊಡೆಯುತ್ತಿದ್ದವನಿಗೆ ಈ ಗಟ್ಟಿ ನೆಲದ ಮೇಲೆ ಚೆಂಡನ್ನು ನೆಲದಿಂದ ಸವರಿ ಎತ್ತುವುದನ್ನು ಕಲಿಯಬೇಕಾಯಿತು. ಗ್ರೀನುಗಳು ಆತನಿಗೆ ತೀರಾ ನಿಧಾನ. ಎರಡು ವಾರವೂ ಹೋದದ್ದು ಇಂಥ ತಿದ್ದುಪಡಿಗಳಿಗೆ. ಆಟವೇನೂ ಹೊಸದಾಗಿ ಕಲಿಯಬೇಕಿರಲಿಲ್ಲ, ಅಳತೆಗೋಲು ಬದಲಾಗಬೇಕಿತ್ತು.

ಬೆಂಗಳೂರಿನ ಗಾಲ್ಫರ್‌ಗೆ ಈ ಸಂಕಟ ಇನ್ನೊಂದು ರೂಪದಲ್ಲಿ ಗೊತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ತೆಳು ಗಾಳಿಯಲ್ಲಿ ಆಡಿ ಬೆಳೆದವನು ಚೆನ್ನೈಗೋ ಮುಂಬೈಗೋ ಹೋದರೆ, 150 ಗಜದ ಹೊಡೆತ ನಾಲ್ಕೈದು ಗಜ ಮೊದಲೇ ಬಿದ್ದುಹೋಗುತ್ತದೆ. ಕೈ ಸರಿಯಿಲ್ಲ ಎಂದುಕೊಂಡು ಸ್ವಿಂಗ್ ತಿದ್ದಲು ಹೊರಡುತ್ತಾನೆ. ತಿದ್ದಬೇಕಾದದ್ದು ಕ್ಲಬ್ಬಿನ ಆಯ್ಕೆ. ಜತೆಗೆ 1876ರಷ್ಟು ಹಳೆಯ ಬೆಂಗಳೂರು ಗಾಲ್ಫ್ ಕ್ಲಬ್ಬಿನಲ್ಲಿ ಮರಗಳೇ ದಾರಿ ತೋರಿಸುತ್ತವೆ: ಆ ಮರದ ಎಡಕ್ಕೆ, ಈ ಮರದ ಮೇಲಿಂದ. ಕಡಲ ತಡಿಯ ಬಯಲಿನಲ್ಲಿ ಗುರಿಯಿಡಲು ಸಿಗುವುದು ದೂರದ ಚರ್ಚಿನ ಗೋಪುರ, ಯಾರದೋ ಮನೆಯ ಹೊಗೆಗೂಡು. ಅಭ್ಯಾಸದ ದಿನ ಅವುಗಳನ್ನು ಗುರುತು ಹಾಕಿಕೊಳ್ಳದವನು ಪಂದ್ಯದ ದಿನ ಆಕಾಶಕ್ಕೆ ಹೊಡೆಯುತ್ತಾನೆ.

ಅಭ್ಯಾಸದ ಸುತ್ತಿನಲ್ಲಿ ನಾವೆಲ್ಲ ಮಾಡುವ ತಪ್ಪೆಂದರೆ ಅಂಕ ಬರೆದುಕೊಳ್ಳುವುದು. ಎಂಬತ್ತೆರಡು ಹೊಡೆದೆ ಎಂದು ಕ್ಲಬ್‌ಹೌಸಿನಲ್ಲಿ ಬೀಗಿದ್ದಷ್ಟೇ ಲಾಭ. ಬಲ್ಲವರು ಆ ದಿನ ಹೊಡೆಯುವುದಕ್ಕಿಂತ ಚೆಂಡು ಎಸೆಯುವುದೇ ಹೆಚ್ಚು. ಗ್ರೀನಿನ ಎಡಕ್ಕೊಂದು, ಬಲಕ್ಕೊಂದು, ಹಿಂದಿನ ಇಳಿಜಾರಿಗೊಂದು ಎಸೆದು, ಎಲ್ಲಿಂದ ಪಾರಾಗಬಹುದು, ಎಲ್ಲಿ ಬಿದ್ದರೆ ಕೆಟ್ಟೆ ಎಂದು ನೋಡುತ್ತಾರೆ. ಈವತ್ತು ಬಾವುಟ ಇರುವ ಕಡೆ ಪಟ್ ಮಾಡಿ ಏನು ಪ್ರಯೋಜನ? ನಾಳೆ ಅದು ಅಲ್ಲಿರುವುದಿಲ್ಲ. ಹುಲ್ಲು ಮಲಗಿದ ದಿಕ್ಕು ನೋಡಬೇಕು. ನಮ್ಮ ಬರ್ಮುಡಾ ಹುಲ್ಲಿನಲ್ಲಿ ಅದು ಚೆಂಡನ್ನು ಎಳೆದೊಯ್ಯುವಷ್ಟು ಜೋರು. ನನ್ನ ಮಟ್ಟದವರು ಇನ್ನೂ ಒಂದು ಕೆಲಸ ಮಾಡಬೇಕು: ಇಡೀ ಕೋರ್ಸಿನಲ್ಲಿ ಮೂರು ಹೋಲ್‌ಗಳಿಗೆ ಮೊದಲೇ ಶರಣಾಗಿ, ಅಲ್ಲಿ ಬೋಗಿ ಬಂದರೆ ಕೈಮುಗಿದು ತೆಗೆದುಕೊಳ್ಳುವುದು.

ಕ್ಯಾಡಿಯ ಮಾತು ಬಂದರೆ ಹೋಗನ್ ಒಳ್ಳೆಯ ಮಾದರಿಯಲ್ಲ. ಆತ ಸೆಸಿಲ್ ಟಿಮ್ಸ್ ಎಂಬ ಸ್ಥಳೀಯನನ್ನು ಇಟ್ಟುಕೊಂಡನಾದರೂ ಸಲಹೆ ಕೇಳಲಿಲ್ಲ, ತನ್ನ ಕಣ್ಣನ್ನೇ ನಂಬಿದ. ಅದಕ್ಕೆ ತದ್ವಿರುದ್ಧದವನು ಟೋನಿ ಲೀಮಾ. 1964ರ ಬ್ರಿಟಿಷ್ ಓಪನ್‌ಗೆಂದು ಸೇಂಟ್ ಆಂಡ್ರೂಸ್‌ಗೆ ಬಂದಿಳಿದಾಗ ಪಂದ್ಯಕ್ಕೆ ಎರಡು ದಿನವೂ ಇರಲಿಲ್ಲ, ಸರಿಯಾಗಿ ಅಭ್ಯಾಸ ಮಾಡುವಷ್ಟೂ ಹೊತ್ತಿಲ್ಲ. ಅಲ್ಲಿನ ಓಲ್ಡ್ ಕೋರ್ಸ್ ಎಂದರೆ ಹೊಸಬರನ್ನು ನುಂಗುವ ಜಾಗ. 1921ರಲ್ಲಿ ಹತ್ತೊಂಬತ್ತರ ಬಾಬಿ ಜೋನ್ಸ್ ಹನ್ನೊಂದನೇ ಹೋಲ್‌ನ ಬಂಕರಿನಲ್ಲಿ ಸಿಕ್ಕಿಹಾಕಿಕೊಂಡು ಆಟವನ್ನೇ ಕೈಬಿಟ್ಟಿದ್ದ. ಇಲ್ಲಿನ ಎಷ್ಟೋ ಬಂಕರುಗಳು ಟೀಯಿಂದ ಕಾಣುವುದೇ ಇಲ್ಲ. ಹಿಂದೊಮ್ಮೆ ಈ ಕೋರ್ಸನ್ನು ಈಗಿನದಕ್ಕೆ ವಿರುದ್ಧ ದಿಕ್ಕಿನಲ್ಲಿ ಆಡುತ್ತಿದ್ದರು. ಆ ಕಡೆಯಿಂದ ಬರುವವನಿಗೆ ಮಾತ್ರ ಅವು ಮುಖ ತೋರಿಸುತ್ತವೆ. ಲೀಮಾನ ಬಳಿ ಹಿಮ್ಮುಖವಾಗಿ ನಡೆಯಲು ಸಮಯವೆಲ್ಲಿ? ಆ ವರ್ಷ ಬಾರದಿದ್ದ ಆರ್ನಾಲ್ಡ್ ಪಾಮರ್‌ನ ಕ್ಯಾಡಿ ಟಿಪ್ ಆಂಡರ್ಸನ್ ಸಿಕ್ಕಿದ್ದ, ಅದೇ ಊರಿನವನು. ಆತ ಬೆರಳು ತೋರಿಸಿದ ಕಡೆ ಲೀಮಾ ಹೊಡೆದ. ಜಾಕ್ ನಿಕ್ಲಾಸ್‌ನನ್ನು ಐದು ಹೊಡೆತಗಳಿಂದ ಹಿಂದೆ ಹಾಕಿ ಗೆದ್ದ.

ಇದನ್ನೆಲ್ಲ ಓದಿಕೊಂಡಿದ್ದ ನಾನೇ ಒಂದು ಬೆಟ್ಟದೂರಿನ ಕ್ಲಬ್ ಪಂದ್ಯಕ್ಕೆ ಹೋದಾಗ ಮಾಡಿದ್ದೇನು? ನಾಲ್ಕನೇ ಹೋಲ್, ಎದುರಿಗೆ ದಿಬ್ಬ, ಅದರಾಚೆ ಏನೂ ಕಾಣದು. ಡ್ರೈವರ್‌ಗೆ ಕೈ ಹಾಕಿದೆ. ಚೀಲ ಹೊತ್ತ ಹುಡುಗ, ಇನ್ನೂ ಮೀಸೆ ಬಲಿಯದವನು, “ಐರನ್ ಸಾಕು ಸಾರ್” ಅಂದ. ಅವನ ಮುಖ ನೋಡಿದೆ, ಡ್ರೈವರನ್ನೇ ಎತ್ತಿದೆ. ಆ ವರ್ಷದ ನನ್ನ ಅತ್ಯುತ್ತಮ ಹೊಡೆತ ಅದು. ದಿಬ್ಬ ದಾಟಿ ನೇರವಾಗಿ ಹಳ್ಳಕ್ಕೆ. ಹತ್ತಿ ನೋಡಿದರೆ ಲಂಟಾನದ ಪೊದೆಯಡಿ ಕಂದು ನೀರು ಗುಳುಗುಳು ಹರಿಯುತ್ತಿದೆ. ಎಂಟು ಹೊಡೆತ. ಹುಡುಗ ಏನೂ ಹೇಳಲಿಲ್ಲ, ಐದನೇ ಟೀಯಲ್ಲಿ ತಾನಾಗಿಯೇ ಐರನ್ ತೆಗೆದು ಕೈಗಿಟ್ಟ.

ಈಗ ಲೇಸರ್ ದೂರಮಾಪಕ ಇದೆ, ಗಜದ ಪುಸ್ತಕ ಇದೆ, ಉಪಗ್ರಹದ ಚಿತ್ರದಲ್ಲಿ ಬಂಕರುಗಳನ್ನು ಎಣಿಸಬಹುದು. ಸ್ಥಳೀಯ ನಿಯಮದಲ್ಲಿ ನಿಷೇಧವಿಲ್ಲದಿದ್ದರೆ ಪಂದ್ಯದಲ್ಲೂ ಲೇಸರ್ ಬಳಸಬಹುದು, ಏರಿಳಿತ ಲೆಕ್ಕಹಾಕುವ ಗುಂಡಿ ಮಾತ್ರ ಆರಿಸಿರಬೇಕು. ಉಪಗ್ರಹಕ್ಕೆ ಕಾಣದೆ ಉಳಿಯುವುದು ನೆಲದ ಗಟ್ಟಿತನ ಮತ್ತು ಗಾಳಿ. ಕಾರ್ನೂಸ್ಟಿಯಲ್ಲಂತೂ ಹೋಲ್‌ಗಳು ದಿಕ್ಕು ಬದಲಿಸುತ್ತಲೇ ಇರುತ್ತವೆ. ಈಗ ಬೆನ್ನಿಗಿದ್ದ ಗಾಳಿ ಇನ್ನೊಂದು ಗಳಿಗೆಗೆ ಕಪಾಳಕ್ಕೆ. ಸ್ಟ್ರೋಕ್ ಪ್ಲೇ ಪಂದ್ಯದ ದಿನ ಆಟಕ್ಕೆ ಮುಂಚೆ ಕೋರ್ಸಿನ ಮೇಲೆ ಅಭ್ಯಾಸದ ಹೊಡೆತ ಹೊಡೆಯುವಂತಿಲ್ಲ, ಗ್ರೀನಿನ ಮೇಲೆ ಚೆಂಡು ಉರುಳಿಸಿ ಪರೀಕ್ಷಿಸುವಂತೆಯೂ ಇಲ್ಲ. ನಡೆದು ನೋಡಲು ಯಾವ ನಿಯಮದ ಅಡ್ಡಿಯೂ ಇಲ್ಲ. ಎಪ್ಪತ್ತು ವರ್ಷದ ಹಿಂದಿನ ಆ ಉಪಾಯ ಈಗಲೂ ಕಾನೂನುಬದ್ಧ, ಪುಕ್ಕಟೆ ಕೂಡ.

ಕಾರ್ನೂಸ್ಟಿಯ ಆರನೇ ಹೋಲ್‌ಗೆ ಬರೋಣ, ಪಾರ್ ಐದು. ಫೇರ್‌ವೇಯ ನಟ್ಟನಡುವೆ ಬಂಕರುಗಳು, ಎಡಕ್ಕೆ ಉದ್ದಕ್ಕೂ ಬೇಲಿ, ಬೇಲಿ ದಾಟಿದರೆ ದಂಡ. ಬುದ್ಧಿವಂತರು ಬಲಕ್ಕೆ ಹೊಡೆದು ಬದುಕುತ್ತಾರೆ. ಬಂಕರಿಗೂ ಬೇಲಿಗೂ ನಡುವೆ ಒಂದು ಪಟ್ಟಿ ಹುಲ್ಲಿದೆ. ಅಲ್ಲಿಂದ ಗ್ರೀನಿಗೆ ದಾರಿ ತೆರೆದುಕೊಳ್ಳುತ್ತದೆ. ಗ್ರೀನಿನಿಂದ ಹಿಂದಕ್ಕೆ ನಡೆದು ಬಂದವನ ಕಣ್ಣಿಗೆ ಮೊದಲು ಬೀಳುವುದೇ ಅದು. ಹೋಗನ್ ಪ್ರತಿ ಸುತ್ತಿನಲ್ಲೂ ಆ ಓಣಿಯೊಳಕ್ಕೇ ಚೆಂಡು ಇಳಿಸಿದ ಎಂದು ಊರಿನ ಮಾತು. ಪ್ರತಿ ಸಲವೂ ಎಂಬುದಕ್ಕೆ ಒಂದಿಷ್ಟು ಉಪ್ಪು ಖಾರ ಬೆರೆತಿರಬಹುದು, ನನಗೆ ಅನುಮಾನವಿದೆ.

ಅಂಕಗಳಲ್ಲಿ ಅನುಮಾನಕ್ಕೆ ಎಡೆಯಿಲ್ಲ. 73, 71; ಕೊನೆಯ ದಿನ ಶುಕ್ರವಾರ, ಒಂದೇ ದಿನಕ್ಕೆ ಎರಡು ಸುತ್ತು, ಮೈಯಲ್ಲಿ ಜ್ವರ. ಬೆಳಿಗ್ಗೆ 70. ಮಧ್ಯಾಹ್ನ ಐದನೇ ಹೋಲ್‌ನಲ್ಲಿ ಚೆಂಡು ಬಂಕರಿನ ಅಂಚಿನಲ್ಲಿ ಅರ್ಧ ಮರಳು ಅರ್ಧ ಹುಲ್ಲಿಗೆ ಸಿಕ್ಕಿಕೊಂಡಿತು. ಆತ ಅಲ್ಲಿಂದ ಗ್ರೀನಿಗೂ, ಗ್ರೀನಿನಿಂದ ಅಲ್ಲಿಗೂ ಓಡಾಡಿ ನೋಡಿದ. ಮೆಲ್ಲಗೆ ಚಿಮ್ಮಿದ. ಚೆಂಡು ಉರುಳುತ್ತ ಹೋಗಿ ಕುಳಿಯ ಹಿಂದಂಚಿಗೆ ಬಡಿದು, ಮೇಲಕ್ಕೊಮ್ಮೆ ಹಾರಿ, ಒಳಗೆ ಬಿತ್ತು. ಆ ಸುತ್ತಿಗೆ 68, ಹೊಸ ಕೋರ್ಸ್ ದಾಖಲೆ. ಒಟ್ಟು 282, ನಾಲ್ಕು ಹೊಡೆತಗಳ ಗೆಲುವು. ಅಲ್ಲಿನವರು ಆತನನ್ನು ‘ಪುಟ್ಟ ಮಂಜಿನ ಮನುಷ್ಯ’ ಎಂದು ತಮ್ಮ ಸ್ಕಾಟ್ಸ್ ನುಡಿಯಲ್ಲಿ ಕರೆದರು.

ಹೋಗನ್ ಆಮೇಲೆ ಇನ್ನೊಂದು ಬ್ರಿಟಿಷ್ ಓಪನ್ ಆಡಲಿಲ್ಲ. ಆರನೇ ಹೋಲ್‌ಗೆ 2003ರಲ್ಲಿ ‘ಹೋಗನ್ಸ್ ಆಲಿ’ ಎಂದು ಹೆಸರಿಟ್ಟರು, ಹೋಗನ್‌ನ ಓಣಿ.