ಮರಳುದಿಬ್ಬದ ಬಗ್ಗಿ: ಕಳಚಿದ ಭಾಗಗಳ ಋಣ

ಹಳೆಯ ಡ್ಯೂನ್ ಬಗ್ಗಿಯೊಂದನ್ನು ಮನೆಯ ಷೆಡ್ಡಿನಲ್ಲಿಯೇ ಜೀರ್ಣೋದ್ಧಾರ ಮಾಡಲು ಹೊರಡುವವರಲ್ಲಿ ಬಹುಮಂದಿಯ ಮನಸ್ಸಿನಲ್ಲಿ ಒಂದು ನಂಬಿಕೆ ಬೇರೂರಿರುತ್ತದೆ. ಬಾಗಿಲಿಲ್ಲದ, ಮಾಡಿಲ್ಲದ, ಎಂಜಿನ್ನೇ ಬಯಲಿಗೆ ತೆರೆದುಕೊಂಡಿರುವ ಈ ವಾಹನದಲ್ಲಿ ಕೆಡುವುದಕ್ಕೆ ಹೆಚ್ಚೇನೂ ಇಲ್ಲವೆಂದೂ, ಇರುವುದರಲ್ಲಿಯೂ ಮತ್ತಷ್ಟನ್ನು ಕಿತ್ತು ಹಾಕಿದರೆ ಅದು ಇನ್ನೂ ಚೆನ್ನಾಗಿ ಓಡುವುದೆಂದೂ ಅವರು ಭಾವಿಸುತ್ತಾರೆ. ಈ ನಂಬಿಕೆಯ ಅರ್ಧಾಂಶ ಸತ್ಯವಾಗಿರುವುದರಿಂದಲೇ ಅದು ಅಪಾಯಕಾರಿಯಾದುದು. ಬಗ್ಗಿಯ ಸಾಮರ್ಥ್ಯವೆಲ್ಲ ಅದರ ಲಘುತ್ವದಿಂದ ಬಂದುದು ನಿಜ. ಆದರೆ ಬಗ್ಗಿಗೆ ಆಧಾರವಾದ ಮೂಲ ಕಾರಿನಿಂದ ಕಳಚಿದ ಒಂದೊಂದು ಭಾಗವೂ ಯಾವುದೋ ಒಂದು ಕಾರ್ಯವನ್ನು ನಿರ್ವಹಿಸುತ್ತಿದ್ದಿತು. ಭಾಗ ಹೋದರೂ ಆ ಕಾರ್ಯ ಉಳಿದೇ ಇರುತ್ತದೆ; ಅದನ್ನು ಮತ್ತಾವುದಾದರೂ ವಸ್ತು ವಹಿಸಿಕೊಳ್ಳಬೇಕಾಗುತ್ತದೆ.

ಕಳಚುವಿಕೆಯ ಈ ಕಲೆ ಪ್ರಸಿದ್ಧಿಗೆ ಬಂದುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಪಿಸ್ಮೋ ಕಡಲತೀರದ ಮರಳುದಿಬ್ಬಗಳ ಮೇಲೆ ಭಾರವಾದ ಗಾಡಿಗಳು ಏದುಸಿರು ಬಿಡುತ್ತಿದ್ದ ಕಾಲದಲ್ಲಿ, ದೋಣಿ ಕಟ್ಟುವ ಕಸುಬನ್ನು ಬಲ್ಲವನೂ ಕಲಾವಿದನೂ ಆಗಿದ್ದ ಬ್ರೂಸ್ ಮೆಯರ್ಸ್ (1926–2021) ಎಂಬಾತ, ನ್ಯೂಪೋರ್ಟ್ ಬೀಚಿನ ತನ್ನ ಗ್ಯಾರೇಜಿನಲ್ಲಿ, ದೋಣಿಗೆ ಬಳಸುವ ಫೈಬರ್‌ಗ್ಲಾಸನ್ನೇ ಕಾರಿನ ಬಾಡಿಗೆ ಬಳಸಿ, ಅದಕ್ಕೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್, ಗೇರ್‌ಬಾಕ್ಸ್ ಮತ್ತು ಸಸ್ಪೆನ್ಷನ್‌ಗಳನ್ನು ಜೋಡಿಸಿ, 1964ರಲ್ಲಿ ತನ್ನ ಮೊದಲನೆಯ ಬಗ್ಗಿಯನ್ನು ಸಿದ್ಧಗೊಳಿಸಿದನು. ಅದರ ಬಾಡಿಯೇ ಅದರ ಚಾಸಿಯೂ ಆಗಿದ್ದಿತು. ಆ ರಚನೆ ದುಬಾರಿಯೂ ಜಟಿಲವೂ ಆದುದರಿಂದ, ಸುಮಾರು ಒಂದು ಡಜನ್ ಬಾಡಿಗಳ ತರುವಾಯ ಆತನು ಬೀಟಲಿನ ಉಕ್ಕಿನ ತಳಪಾತ್ರೆಯನ್ನೇ ತುಂಡರಿಸಿ ಗಿಡ್ಡಮಾಡಿ, ಅದರ ಮೇಲೆ ಫೈಬರ್‌ಗ್ಲಾಸ್ ಬಾಡಿಯನ್ನು ಕೂರಿಸುವ ಮಾರ್ಗವನ್ನು ಹಿಡಿದನು. ಮೆಯರ್ಸ್ ಮ್ಯಾಂಕ್ಸ್ ಎಂದು ಹೆಸರಾದುದು ಇದೇ. ಬಗ್ಗಿಯು ಹುಟ್ಟಿನಿಂದಲೇ ಮನೆಯ ಗ್ಯಾರೇಜಿನ ಕೂಸಾಗಿರುವುದರಿಂದ, ಅದನ್ನು ಮನೆಯಲ್ಲಿಯೇ ದುರಸ್ತುಗೊಳಿಸುವುದು ಅದರ ಸ್ವಭಾವಕ್ಕೆ ಒಪ್ಪುವ ಕೆಲಸವೆಂದೇ ನನ್ನ ಅಭಿಪ್ರಾಯ.

ಹಾಗಾದರೆ ಕಣ್ಣಿಗೆ ಬಿದ್ದ ಫೈಬರ್‌ಗ್ಲಾಸ್ ಬಗ್ಗಿಯೆಲ್ಲವೂ ಮ್ಯಾಂಕ್ಸ್ ಆಗಿರುವುದೆ? ಹಾಗೆಂದು ನಂಬಿ ಹಣ ತೆತ್ತವರು ಉಂಟು. ಮೆಯರ್ಸನ ಕಂಪೆನಿಯಿಂದ ಆ ಕಾಲದಲ್ಲಿ ಹೊರಬಂದ ಬಗ್ಗಿಗಳು ಕೆಲವು ಸಾವಿರ ಮಾತ್ರ. ಅನುಕರಣೆಗಳಾದರೋ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅನುಕರಿಸಿದವರ ಮೇಲೆ ಆತ ಹೂಡಿದ ಪೇಟೆಂಟ್ ವ್ಯಾಜ್ಯ ಸೋತುಹೋಯಿತು; ಕಂಪೆನಿ 1971ರಲ್ಲಿ ಮುಚ್ಚಿತು. ಜೀರ್ಣೋದ್ಧಾರಕನಿಗೆ ಈ ಇತಿಹಾಸದಿಂದ ಪ್ರಯೋಜನವುಂಟು. ಅನುಕರಣೆಯ ಬಾಡಿಗಳ ಅಳತೆ ಒಂದೇ ತೆರನಾಗಿರಲಿಲ್ಲವಾದ ಕಾರಣ, ತಳಪಾತ್ರೆಗೆ ಗರಗಸವಿಡುವ ಮುನ್ನ ತನ್ನ ಕೈಯಲ್ಲಿರುವ ಬಾಡಿಯನ್ನೇ ಅಳೆಯಬೇಕೇ ವಿನಾ ಪುಸ್ತಕದ ಸಂಖ್ಯೆಯನ್ನು ನಂಬಬಾರದು.

ಈ ಕತ್ತರಿಸುವಿಕೆಯ ವಿಷಯದಲ್ಲಿ ಇರುವ ತಪ್ಪುಗ್ರಹಿಕೆ ದೊಡ್ಡದು. ಬೀಟಲಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ 94.5 ಅಂಗುಲ, ಮ್ಯಾಂಕ್ಸ್‌ನಲ್ಲಿ ಅದು ಸುಮಾರು 80 ಅಂಗುಲ. ನಡುವಿನ ಹದಿನಾಲ್ಕು ಅಂಗುಲಕ್ಕೆ ಮಿಕ್ಕ ಉಕ್ಕನ್ನು ಕೊಯ್ದು ತೆಗೆದು ಎರಡು ತುದಿಗಳನ್ನು ವೆಲ್ಡಿಂಗ್ ಮಾಡಿದರೆ ಕೆಲಸ ಮುಗಿಯಿತೆಂದು ಜನ ತಿಳಿಯುತ್ತಾರೆ. ಆದರೆ ತಳಪಾತ್ರೆಯ ನಡುವೆ ಉದ್ದಕ್ಕೂ ಹಾಯುವ ಸುರಂಗದೊಳಗೆ ಗೇರ್ ಸರಳು, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್ಲುಗಳ ನಳಿಕೆಗಳು, ಪೆಟ್ರೋಲ್ ಕೊಳವೆ ಇವೆಲ್ಲವೂ ಇರುತ್ತವೆ. ಸುರಂಗವನ್ನು ಗಿಡ್ಡ ಮಾಡಿದಷ್ಟೇ ಪ್ರಮಾಣದಲ್ಲಿ ಇವುಗಳನ್ನೂ ಗಿಡ್ಡ ಮಾಡಬೇಕು. ಗೇರ್ ಸರಳನ್ನು ಬೆಸೆಯುವಾಗ ಅದು ಕೂದಲೆಳೆಯಷ್ಟು ತಿರುಚಿಕೊಂಡರೂ ಗೇರುಗಳು ಸರಿಯಾಗಿ ಬೀಳವು. ಅರ್ಧ ಶತಮಾನ ಪೆಟ್ರೋಲ್ ಹರಿದ ಕೊಳವೆಯಲ್ಲಿ ಆವಿ ಉಳಿದಿರುವುದರಿಂದ, ಟ್ಯಾಂಕನ್ನು ಬಿಚ್ಚಿ ದೂರವಿಟ್ಟು, ಕೊಳವೆಯನ್ನು ಸಂಪೂರ್ಣವಾಗಿ ಶುದ್ಧಿಗೊಳಿಸದೆ ಅದರ ಬಳಿಗೆ ಕಿಡಿಯನ್ನು ಒಯ್ಯುವುದು ಪ್ರಾಣಕ್ಕೇ ಸಂಚಕಾರ.

ಇಷ್ಟಾದರೂ ಮುಖ್ಯವಾದ ಋಣ ಉಳಿದೇ ಇರುತ್ತದೆ. ಬೀಟಲಿನಲ್ಲಿ ತಳಪಾತ್ರೆಯು ಒಂಟಿಯಾಗಿ ಬಿಗಿಯಾಗಿರಲಿಲ್ಲ. ಎರಡೂ ಪಾರ್ಶ್ವಗಳಲ್ಲಿ ಬಾಡಿಗೆ ಸೇರಿದ್ದ ಪೆಟ್ಟಿಗೆಯಾಕಾರದ ಉಕ್ಕಿನ ನಾಳಗಳು, ಬೆಚ್ಚನೆಯ ಗಾಳಿಯನ್ನು ಒಳಗೆ ತರುವುದರೊಡನೆ, ತಳವು ಬಾಗದಂತೆಯೂ ತಿರುಚದಂತೆಯೂ ತಡೆಯುತ್ತಿದ್ದುವು. ಬಾಡಿಯನ್ನು ಎತ್ತಿದೊಡನೆ ಆ ಬಿಗಿತ ಮಾಯವಾಗುತ್ತದೆ. ಫೈಬರ್‌ಗ್ಲಾಸ್ ಅದನ್ನು ಪೂರ್ತಿಯಾಗಿ ತುಂಬಿಕೊಡಲಾರದು. ಆದುದರಿಂದ ತಳದ ಎರಡೂ ಅಂಚುಗಳಿಗೆ ಚೌಕಾಕಾರದ ಉಕ್ಕಿನ ಕೊಳವೆಯನ್ನು ಬೆಸೆಯುವುದು ಅಲಂಕಾರವಲ್ಲ, ಸಾಲ ತೀರಿಸುವಿಕೆ. ಕತ್ತರಿಸುವ ಮುನ್ನ ತಳವನ್ನು ಸಮತಲದಲ್ಲಿ ಬಿಗಿದು, ಬೆಸೆಯುವ ಮುನ್ನ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದು ಸಮನಾಗಿವೆಯೆಂದು ನಿಶ್ಚಯಿಸಿಕೊಳ್ಳದಿದ್ದರೆ, ಹಿಂದಿನ ಚಕ್ರಗಳು ಮುಂದಿನವುಗಳ ಜಾಡನ್ನು ಬಿಟ್ಟು ಓರೆಯಾಗಿ ಓಡುತ್ತವೆ.

ಎಂಜಿನ್ನಿಗೆ ಸಂಬಂಧಿಸಿದ ನಂಬಿಕೆಗಳಲ್ಲಿ ಅತ್ಯಂತ ಹಾನಿಕರವಾದುದು ತಗಡಿನ ಕುರಿತಾದುದು. ಇದು ಗಾಳಿಯಿಂದ ತಣಿಯುವ ಎಂಜಿನ್. ಬಗ್ಗಿಯಲ್ಲಿ ಅದು ಬಯಲಿನಲ್ಲಿಯೇ ಇದೆ. ಹೀಗಿರಲು ಸುತ್ತಲಿನ ಕರಿಯ ತಗಡುಗಳೇತಕ್ಕೆ ಎಂದು ಕೇಳಿ, ಅವುಗಳನ್ನು ಕಿತ್ತು ಮೂಲೆಗೆಸೆದು, ಎಂಜಿನ್ನಿನ ಸೌಂದರ್ಯ ಹೆಚ್ಚಿತೆಂದು ಸಂತೋಷಪಡುವವರು ಬಹಳ. ಸಿಲಿಂಡರುಗಳನ್ನು ತಣಿಸುವುದು ವಾಹನದ ಓಟಕ್ಕೆ ಎದುರಾಗಿ ಬರುವ ಗಾಳಿಯಲ್ಲ. ಬೆಲ್ಟಿನಿಂದ ತಿರುಗುವ ಫ್ಯಾನು ಮೇಲಿನಿಂದ ಒತ್ತಡದೊಡನೆ ಗಾಳಿಯನ್ನು ತಳ್ಳುತ್ತದೆ. ಆ ಗಾಳಿ ಸಿಲಿಂಡರಿನ ತೆಳುವಾದ ರೆಕ್ಕೆಗಳ ನಡುವೆ ನುಸುಳಿ ಕೆಳಗಿಳಿದರೆ ಮಾತ್ರ ಶಾಖ ಹೋಗುತ್ತದೆ. ಒಲೆಯೂದುವ ಕೊಳವೆಯನ್ನು ಬಿಟ್ಟು ಬರಿಯ ಬಾಯಿಂದ ದೂರ ನಿಂತು ಊದಿದರೆ ಉಸಿರು ಕೆಂಡವನ್ನು ಮುಟ್ಟುವ ಮೊದಲೇ ಚದರಿಹೋಗುವಂತೆ, ತಗಡಿಲ್ಲದ ಎಂಜಿನ್ನಿನಲ್ಲಿ ಫ್ಯಾನಿನ ಗಾಳಿ ರೆಕ್ಕೆಗಳನ್ನು ಹೊಗದೆ ಸುಲಭದ ದಾರಿಯನ್ನು ಹಿಡಿದು ಹೊರಟುಹೋಗುತ್ತದೆ. ಸಿಲಿಂಡರುಗಳ ಅಡಿಯಲ್ಲಿ ಅಡಗಿರುವ ಚಿಕ್ಕ ತಗಡು, ನೋಡುವವರಿಗೆ ಕಾಣದಿರುವುದರಿಂದ, ಎಂಜಿನ್ ಬಿಚ್ಚಿ ಕೂಡಿಸುವಾಗ ಮೊದಲು ಕಳೆದುಹೋಗುವ ವಸ್ತು. ಗಾಳಿ ಸಿಲಿಂಡರಿನ ಹಿಂಬದಿಯನ್ನೂ ಬಳಸಿಕೊಂಡು ಹೋಗುವಂತೆ ಮಾಡುವುದು ಅದೇ.

ಮೂಲ ಕಾರಿನಲ್ಲಿ ಈ ತಗಡುಗಳು ರಬ್ಬರ್ ಅಂಚಿನೊಡನೆ ಬಾಡಿಗೆ ಒತ್ತಿಕೊಂಡಿದ್ದು, ಕೆಳಗಣ ಬಿಸಿಗಾಳಿ ಮತ್ತೆ ಮೇಲೆ ಬಂದು ಫ್ಯಾನಿನ ಬಾಯಿಗೆ ಸೇರದಂತೆಯೂ ಮಾಡುತ್ತಿದ್ದುವು. ಬಗ್ಗಿಯ ಎಂಜಿನ್ ತೆರೆದಿರುವುದರಿಂದ ಆ ರಬ್ಬರ್ ಅಂಚಿಗೆ ಅಷ್ಟು ಮಹತ್ತ್ವವಿಲ್ಲವೆಂಬುದನ್ನು ಒಪ್ಪಬಹುದು. ಸಿಲಿಂಡರಿಗೆ ಅಂಟಿಕೊಂಡಿರುವ ತಗಡುಗಳಿಗೆ ಈ ರಿಯಾಯಿತಿ ಸಲ್ಲದು. 1971ಕ್ಕಿಂತ ಹಿಂದಿನ ಎಂಜಿನ್ನುಗಳಲ್ಲಿ ಆಯಿಲ್ ಕೂಲರ್ ಫ್ಯಾನಿನ ಹೊದಿಕೆಯೊಳಗೇ, ಮೂರನೆಯ ಸಿಲಿಂಡರಿಗೆ ಬರುವ ಗಾಳಿಗೆ ಅಡ್ಡವಾಗಿ ನಿಂತಿರುವ ಕಾರಣದಿಂದ, ಆ ಸಿಲಿಂಡರ್ ಉಳಿದವುಗಳಿಗಿಂತ ಹೆಚ್ಚು ಕಾಯುತ್ತದೆಂಬುದನ್ನು ಮೆಕ್ಯಾನಿಕ್ಕುಗಳು ಬಲ್ಲರು. 1584 ಸಿಸಿಯ ಎಂಜಿನ್ನನ್ನು ಕೊರೆದು 1776 ಅಥವಾ 1914 ಸಿಸಿಗೆ ಏರಿಸಬೇಕೆಂಬ ಉತ್ಸಾಹವುಳ್ಳವರು, ಹೆಚ್ಚಿದ ಶಕ್ತಿಯೊಡನೆ ಶಾಖವೂ ಹೆಚ್ಚುವುದೆಂಬುದನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಷ್ಟು ಶಕ್ತಿ ಬೇಕೆಂಬುದಾದರೂ ಏಕೆ? ಮರಳಿನಲ್ಲಿ ಸಾಗಲು ನಾಲ್ಕು ಚಕ್ರಗಳಿಗೂ ಬಲ ಹಾಯಬೇಕು, ದೊಡ್ಡ ಎಂಜಿನ್ ಇರಬೇಕು ಎಂಬ ಗ್ರಹಿಕೆಯೇ ಇದಕ್ಕೆ ಮೂಲ. 1967ರ ಏಪ್ರಿಲಿನಲ್ಲಿ ಮೆಯರ್ಸ್ ಮತ್ತು ಟೆಡ್ ಮ್ಯಾಂಗಲ್ಸ್ ಇಬ್ಬರೂ, ಎರಡೇ ಚಕ್ರಗಳಿಗೆ ಬಲವಿದ್ದ ಆ ಮೊದಲನೆಯ ಬಗ್ಗಿಯಲ್ಲಿ, ಮೆಕ್ಸಿಕೋದ ಬಾಹಾ ಪರ್ಯಾಯದ್ವೀಪದ ಲಾ ಪಾಸ್‌ನಿಂದ ಟಿಹುವಾನಾವರೆಗಿನ ಒರಟು ದಾರಿಯನ್ನು 34 ಗಂಟೆ 45 ನಿಮಿಷಗಳಲ್ಲಿ ಕ್ರಮಿಸಿ, ಮೋಟಾರ್ ಸೈಕಲ್ಲಿನ ಹಿಂದಿನ ದಾಖಲೆಯನ್ನು ಐದು ಗಂಟೆಗಳಿಗೂ ಮಿಕ್ಕು ಹಿಂದೆ ಹಾಕಿದರು. ಎಂಜಿನ್ನಿನ ಭಾರ ಬಲ ಹಾಯುವ ಚಕ್ರಗಳ ಮೇಲೆಯೇ ಕುಳಿತಿರುವುದು, ಒಟ್ಟು ತೂಕ ಅತ್ಯಲ್ಪವಾಗಿರುವುದು, ಅಗಲವಾದ ಹಿಂದಿನ ಟೈರುಗಳ ಗಾಳಿಯನ್ನು ಇಳಿಸಿ ಅವು ಮರಳಿನ ಮೇಲೆ ಹರಡಿ ನಿಲ್ಲುವಂತೆ ಮಾಡುವುದು — ಈ ಮೂರರಿಂದ ದೊರೆಯುವ ಹಿಡಿತವನ್ನು ಕುದುರೆಶಕ್ತಿಯಿಂದ ಕೊಳ್ಳಲಾಗದು.

ತೂಕ ಇಳಿದುದರ ಪರಿಣಾಮ ಸಸ್ಪೆನ್ಷನ್ನಿನಲ್ಲಿಯೂ ತೋರುತ್ತದೆ. ಬೀಟಲಿನ ಭಾರಕ್ಕೆಂದು ಹದಗೊಳಿಸಿದ ಹಿಂದಿನ ಟಾರ್ಷನ್ ಬಾರುಗಳು, ಎಂದರೆ ತಿರುಚಿಕೊಂಡು ಸ್ಪ್ರಿಂಗಿನಂತೆ ಭಾರ ಹೊರುವ ಸರಳುಗಳು, ಬಗ್ಗಿಯನ್ನು ಮೇಲಕ್ಕೆತ್ತಿ ಹಿಡಿಯುತ್ತವೆ; ಹೀಗೆ ಎತ್ತರವಾದಷ್ಟೂ ಒರಟು ನೆಲಕ್ಕೆ ಉತ್ತಮವೆಂದು ಮಾಲೀಕ ಹಿಗ್ಗುತ್ತಾನೆ. ಆದರೆ ಅಮೆರಿಕದಲ್ಲಿ ಮಾರಾಟವಾದ 1968ರವರೆಗಿನ ಸಾಮಾನ್ಯ ಬೀಟಲುಗಳಲ್ಲಿದ್ದ ಸ್ವಿಂಗ್ ಆಕ್ಸಲಿನಲ್ಲಿ ಹಿಂಭಾಗ ಮೇಲೆದ್ದರೆ ಚಕ್ರಗಳ ಬುಡ ಒಳಕ್ಕೆ ಸರಿದು, ವೇಗದ ತಿರುವಿನಲ್ಲಿ ಚಕ್ರ ಮಡಿಚಿಕೊಂಡು ಗಾಡಿ ಮಗುಚುವ ಸಂಭವವುಂಟು. ಹಿಂಭಾಗವನ್ನು ತಗ್ಗಿಸಲು ಬಾರನ್ನು ತಿರುಗಿಸಿ ಕೂರಿಸಬೇಕು. ಅದರ ಒಳತುದಿಯಲ್ಲಿ 40, ಹೊರತುದಿಯಲ್ಲಿ 44 ಹಲ್ಲುಗಳಿವೆ. ಒಂದನ್ನು ಮುಂದಕ್ಕೂ ಮತ್ತೊಂದನ್ನು ಹಿಂದಕ್ಕೂ ಒಂದೊಂದು ಹಲ್ಲು ಸರಿಸಿದರೆ ಒಂದು ಡಿಗ್ರಿಗೂ ಕಡಿಮೆಯಾದ ವ್ಯತ್ಯಾಸ ಸಿಕ್ಕುತ್ತದೆ. ಇಷ್ಟು ಸೂಕ್ಷ್ಮವಾದ ಹೊಂದಾಣಿಕೆಯನ್ನು ತಯಾರಕರೇ ಇಟ್ಟಿರುವಾಗ, ಅದನ್ನು ಉಪಯೋಗಿಸದಿರುವುದು ಅನ್ಯಾಯ.

ಫೈಬರ್‌ಗ್ಲಾಸಿಗೆ ತುಕ್ಕಿಲ್ಲ, ಆದುದರಿಂದ ಅದಕ್ಕೆ ಮುಪ್ಪಿಲ್ಲ ಎನ್ನುವುದೂ ಅರ್ಧಸತ್ಯವೇ. ಮೇಲಿನ ಜೆಲ್‌ಕೋಟ್ ಬಿಸಿಲಿಗೆ ಬಿರಿಯುತ್ತದೆ; ಬೋಲ್ಟಿನ ರಂಧ್ರಗಳು ಅಲುಗಾಟದಿಂದ ಅಗಲವಾಗುತ್ತವೆ. ಬಿರುಕಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಅದೇ ಜಾಗದಲ್ಲಿ ಅದೇ ಬಿರುಕು ಪುನಃ ಕಾಣಿಸಿಕೊಳ್ಳುತ್ತದೆ. ಬಿರುಕಿನ ಇಕ್ಕೆಲಗಳನ್ನೂ ಇಳಿಜಾರಾಗಿ ಅಗಲಕ್ಕೆ ಉಜ್ಜಿ, ಹಿಂಬದಿಯಿಂದ ಗಾಜಿನ ನಾರಿನ ಪದರಗಳನ್ನು ರಾಳದಲ್ಲಿ ನೆನೆಸಿ ಕೂರಿಸುವುದೇ ಸರಿಯಾದ ಚಿಕಿತ್ಸೆ. ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೇಡು. ಮಾಸ್ಕ್ ಇಲ್ಲದೆ ಉಜ್ಜಬಾರದು.

ಧೂಳೆಂದಾಗ ಏರ್ ಫಿಲ್ಟರಿನ ಮಾತನ್ನೂ ಹೇಳಬೇಕು. ಹಳೆಯ ಆಯಿಲ್ ಬಾತ್ ಫಿಲ್ಟರನ್ನು ಕಿತ್ತು, ಹೊಳೆಯುವ ಚಿಕ್ಕ ಫಿಲ್ಟರನ್ನು ಸಿಕ್ಕಿಸುವುದು ಸುಧಾರಣೆಯೆನಿಸಿಕೊಂಡಿದೆ; ಮರಳಿನ ಪುಡಿ ಪಿಸ್ಟನ್ ರಿಂಗುಗಳನ್ನು ಅರೆದುಹಾಕುವ ರೀತಿಯನ್ನು ಕಂಡವರು ಹಾಗೆನ್ನಲಾರರು. ಈ ಎಂಜಿನ್ನಿನಲ್ಲಿ ಇರುವುದು ಎರಡೂವರೆ ಲೀಟರ್ ಆಯಿಲ್, ಅದನ್ನು ಸೋಸಲು ಒಂದು ತಂತಿಜಾಲರಿ ಮಾತ್ರ. ರಸ್ತೆಯ ಕಾರಿಗೇ 5,000 ಕಿಲೋಮೀಟರಿಗೊಮ್ಮೆ ಬದಲಿಸಬೇಕಾದ ಆಯಿಲನ್ನು ಮರಳಿನಲ್ಲಿ ಓಡುವ ಬಗ್ಗಿಗೆ ಅದಕ್ಕೂ ಮುಂಚೆಯೇ ಬದಲಿಸತಕ್ಕದ್ದು.

ಕೊನೆಯದಾಗಿ ರೋಲ್ ಬಾರ್. ಸವಾರರ ತಲೆಯ ಹಿಂದೆ ಕಮಾನಾಗಿ ನಿಂತ ಕೊಳವೆ ಕಂಡರೆ ಸಾಕು, ಗಾಡಿ ಸುರಕ್ಷಿತವೆಂದು ಭಾವಿಸುತ್ತಾರೆ. ಹಳೆಯ ಬಗ್ಗಿಗಳಲ್ಲಿ ಎಷ್ಟೋ ವೇಳೆ ಅದರ ಕಾಲುಗಳು ಬರಿಯ ಫೈಬರ್‌ಗ್ಲಾಸಿಗೆ ಬೋಲ್ಟಾಗಿರುತ್ತವೆ. ಗಾಡಿ ಮಗುಚಿದಾಗ ಕಮಾನು ಬಾಡಿಯನ್ನು ಹರಿದುಕೊಂಡು ಕೆಳಗಿಳಿಯುತ್ತದೆ. ಬೀಟಲಿನ ಉಕ್ಕಿನ ಮಾಡು ಮಾಡುತ್ತಿದ್ದ ರಕ್ಷಣೆಯ ಕಾರ್ಯವನ್ನು ಈಗ ವಹಿಸಬೇಕಾದುದು ಆ ಕಮಾನೊಂದೇ ಆದುದರಿಂದ, ಅದರ ಕಾಲುಗಳೂ ಸೀಟ್ ಬೆಲ್ಟಿನ ಕೊಂಡಿಗಳೂ ತಳಪಾತ್ರೆಯ ಉಕ್ಕಿಗೇ, ದಪ್ಪನಾದ ಪಟ್ಟಿಗಳ ಆಸರೆಯೊಡನೆ, ಸೇರಿರಬೇಕು. ಬಾಡಿಯನ್ನು ಕೂರಿಸಿದ ಮೇಲೆ ಆ ಜಾಗಗಳಿಗೆ ವೆಲ್ಡಿಂಗ್ ಕೈ ತಲುಪುವುದಿಲ್ಲ; ಆದಕಾರಣ ತಳಪಾತ್ರೆ ಇನ್ನೂ ಬರಿದಾಗಿರುವಾಗಲೇ, ಬಣ್ಣಕ್ಕೂ ಮುಂಚೆ, ಇವುಗಳ ಸ್ಥಾನವನ್ನು ಗುರುತಿಸಿ ಬೆಸೆದುಕೊಳ್ಳತಕ್ಕದ್ದು.