ಡಾಕಿನಿಂದ ತೆರೆಗೆ: ಚಿತ್ರವು ಹರಿಯುವ ಎರಡು ಹಾದಿಗಳು

ನಮ್ಮ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನವನ್ನು ಗಣಕಯಂತ್ರದ ಸಹಾಯದಿಂದ ಅಳೆಯುವ ಪ್ರಯೋಗವೊಂದುಂಟು. ಲೋಲಕವು ಓಲಾಡಿದಂತೆಲ್ಲ ಅದರ ನಕ್ಷೆಯು ತೆರೆಯ ಮೇಲೆ ಮೂಡುತ್ತದೆ. ಆದರೆ ಲ್ಯಾಪ್‌ಟಾಪಿನ ಸಣ್ಣ ತೆರೆಯ ಸುತ್ತ ಇಪ್ಪತ್ತು ಮಂದಿ ವಿದ್ಯಾರ್ಥಿಗಳು ನಿಂತರೆ, ಮುಂದಿನ ನಾಲ್ವರನ್ನು ಬಿಟ್ಟು ಉಳಿದವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ಆದುದರಿಂದ ಎರಡು ದೊಡ್ಡ ಮಾನಿಟರುಗಳನ್ನಿರಿಸಿ, ಒಂದರಲ್ಲಿ ನಕ್ಷೆಯನ್ನೂ ಇನ್ನೊಂದರಲ್ಲಿ ಅಳತೆಗಳ ಕೋಷ್ಟಕವನ್ನೂ ತೋರಿಸಬೇಕೆಂದು ನಿಶ್ಚಯಿಸಿದೆವು. ನಮ್ಮ ಲ್ಯಾಪ್‌ಟಾಪಿಗೆ ಇದ್ದುದು ಒಂದೇ ಟೈಪ್-ಸಿ ಕಿಂಡಿ. ಅದಕ್ಕೆ ಸಿಕ್ಕಿಸುವ ಯುಎಸ್‌ಬಿ ಡಾಕ್ ಎಂಬ ಪೆಟ್ಟಿಗೆಯನ್ನು ವಿಭಾಗದವರೆಲ್ಲ ಹಣ ಕೂಡಿಸಿ ಕೊಂಡೆವು. ಜೋಡಿಸಿ ನೋಡಿದರೆ ಒಂದು ಮಾನಿಟರು ಬೆಳಗಿತು. ಇನ್ನೊಂದು ಕತ್ತಲಾಗಿಯೇ ಉಳಿಯಿತು.

ಮಾನಿಟರೇ ಕೆಟ್ಟಿರಬಹುದೆಂದು ಎರಡನ್ನೂ ಅದಲುಬದಲು ಮಾಡಿದೆವು. ಕತ್ತಲೆಯು ಮಾನಿಟರಿನೊಡನೆ ಹೋಗಲಿಲ್ಲ. ಡಾಕಿನ ಎರಡನೆಯ ಕಿಂಡಿಯಲ್ಲಿಯೇ ನಿಂತಿತು. ಕೇಬಲುಗಳನ್ನು ಬದಲಿಸಿದಾಗಲೂ ಅಷ್ಟೆ. ಕೊನೆಗೆ ಅದೇ ಡಾಕನ್ನು ವಿಂಡೋಸ್ ಇದ್ದ ಬೇರೊಂದು ಲ್ಯಾಪ್‌ಟಾಪಿಗೆ ಜೋಡಿಸಲು, ಎರಡೂ ತೆರೆಗಳು ಬೆಳಗಿದುವು! ನಮ್ಮ ಯಂತ್ರದಲ್ಲಿದ್ದುದು ಲಿನಕ್ಸ್. “ಹಾಗಾದರೆ ದೋಷ ಲಿನಕ್ಸಿನದೇ” ಎಂದು ಮಿತ್ರರು ತೀರ್ಪಿತ್ತರು. ಈ ತೀರ್ಪು ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ವಾಚಕರೊಡನೆ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಲಿನಕ್ಸ್ ಎಂಬುದು ಗಣಕಯಂತ್ರವನ್ನು ನಡೆಸುವ ವ್ಯವಸ್ಥೆಗಳಲ್ಲೊಂದು. ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಅದರ ತಿರುಳನ್ನು ಬರೆದು ಎಲ್ಲರ ಮುಂದಿಟ್ಟರು. ಈ ತಿರುಳಿಗೆ ‘ಕರ್ನೆಲ್’ ಎಂದು ಹೆಸರು. ಹಣ ಕೊಡದೆ ಬಳಸಬಹುದಾದುದರಿಂದ ವಿದ್ಯಾಶಾಲೆಗಳಿಗೆ ಇದು ಬಲು ಉಪಯುಕ್ತ. ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಇದರ ಮೇಲೆಯೇ.

ಒಂದು ತೆರೆಗೆ ಬೇಕಾದ ಹರಿವು

ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಸಾಧಾರಣ ಮಾನಿಟರಿನಲ್ಲಿ ಅಡ್ಡಲಾಗಿ ೧೯೨೦, ನೆಟ್ಟಗೆ ೧೦೮೦ ಬಣ್ಣದ ಬಿಂದುಗಳಿರುತ್ತವೆ, ಒಟ್ಟು ೨೦,೭೩,೬೦೦. ಒಂದೊಂದು ಬಿಂದುವಿನ ಬಣ್ಣವನ್ನು ತಿಳಿಸಲು ೨೪ ಬಿಟ್‌ಗಳು ಬೇಕು. ಚಿತ್ರವನ್ನು ಸೆಕೆಂಡಿಗೆ ೬೦ ಸಲ ಹೊಸದಾಗಿ ಬರೆಯಬೇಕು. ಇವೆಲ್ಲವನ್ನೂ ಗುಣಿಸಿದರೆ ಸೆಕೆಂಡಿಗೆ ಸುಮಾರು ೨೯೯ ಕೋಟಿ ಬಿಟ್‌ಗಳಾಗುತ್ತವೆ. ಹಳೆಯ ಯುಎಸ್‌ಬಿ ೨.೦ ಸಾಗಿಸಬಲ್ಲದು ಹೆಚ್ಚೆಂದರೆ ೪೮ ಕೋಟಿ. ೨೦೦೮ರಲ್ಲಿ ಬಂದ ಯುಎಸ್‌ಬಿ ೩.೦, ೫೦೦ ಕೋಟಿ. ಹೀಗಿರಲಾಗಿ ಒಂದೇ ಕೇಬಲಿನಲ್ಲಿ ಎರಡು ತೆರೆಗಳ ಚಿತ್ರವು ಹರಿಯುವುದೆಂತು? ಇದಕ್ಕೆ ಎರಡು ಹಾದಿಗಳಿವೆ. ನಮ್ಮ ಜಿಲ್ಲೆಯ ನೀರಿನಿಂದಲೇ ಅವುಗಳನ್ನು ವಿವರಿಸಬಹುದು.

ಕಾಲುವೆಯ ಹಾದಿ

ಗಂಗಾವತಿಯ ಭತ್ತದ ಗದ್ದೆಗಳಿಗೆ ತುಂಗಭದ್ರೆಯ ನೀರು ಎಡದಂಡೆ ಕಾಲುವೆಯಲ್ಲಿ ತಾನಾಗಿ ಹರಿದು ಬರುತ್ತದೆ. ಮೊದಲನೆಯ ಹಾದಿಯು ಇಂತಹುದು. ಟೈಪ್-ಸಿ ಕಿಂಡಿಯಲ್ಲಿ ೨೪ ಸಂಪರ್ಕಗಳುಂಟು. ಅತಿವೇಗದ ಸಂಜ್ಞೆಗಳಿಗೆಂದೇ ಅದರಲ್ಲಿ ನಾಲ್ಕು ಜೋಡಿ ತಂತಿಗಳಿವೆ. ಜೋಡಿಯೇ ಏಕೆಂದರೆ, ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾದ ವೋಲ್ಟೇಜನ್ನು ಕಳುಹಿಸಿ, ತಲುಪಿದೆಡೆಯಲ್ಲಿ ಅವುಗಳ ವ್ಯತ್ಯಾಸವನ್ನು ಮಾತ್ರ ಓದುತ್ತಾರೆ; ಹೊರಗಿನ ವಿದ್ಯುತ್ ಗದ್ದಲವು ಎರಡರ ಮೇಲೂ ಸಮನಾಗಿ ಬೀಳುವುದರಿಂದ ವ್ಯತ್ಯಾಸದಲ್ಲಿ ಅಳಿಸಿಹೋಗುತ್ತದೆ.

ಡಾಕನ್ನು ಸಿಕ್ಕಿಸಿದ ಕೂಡಲೆ ಅದೂ ಲ್ಯಾಪ್‌ಟಾಪೂ ಬೇರೊಂದು ತಂತಿಯ ಮೇಲೆ ಪರಸ್ಪರ ವಿಚಾರಿಸಿಕೊಂಡು, ಈ ನಾಲ್ಕು ಜೋಡಿಗಳಲ್ಲಿ ಎರಡನ್ನೋ ನಾಲ್ಕನ್ನೋ ಚಿತ್ರಕ್ಕೆ ಬಿಟ್ಟುಕೊಡುತ್ತವೆ. ಆಗ ಅವುಗಳಲ್ಲಿ ಹರಿಯುವುದು ಯುಎಸ್‌ಬಿಯ ಸಂಜ್ಞೆಯೇ ಅಲ್ಲ; ಡಿಸ್‌ಪ್ಲೇಪೋರ್ಟ್ ಎಂಬ ಚಿತ್ರದ ಸಂಜ್ಞೆ. ೨೦೧೪ರಲ್ಲಿ ನಿಗದಿಯಾದ ಈ ಏರ್ಪಾಡಿಗೆ ‘ಆಲ್ಟ್ ಮೋಡ್’ ಎಂದು ಹೆಸರು. ಲ್ಯಾಪ್‌ಟಾಪಿನ ಚಿತ್ರಸಂಸ್ಕಾರಕವು ರಚಿಸಿದ ಸಂಜ್ಞೆಯೇ ಮಾನಿಟರಿನತ್ತ ಹೋಗುವುದರಿಂದ, ಇದಕ್ಕೆಂದು ಬೇರೆ ಡ್ರೈವರು ಬೇಕಿಲ್ಲ. ಕರ್ನೆಲಿನಲ್ಲಿ ಮೊದಲೇ ಇರುವುದು ಸಾಕು. ಎರಡು ಮಾನಿಟರುಗಳಿದ್ದರೆ ಡಾಕಿನೊಳಗಿನ ಚಿಪ್ಪೊಂದು ತೂಬಿನಂತೆ ಪ್ರವಾಹವನ್ನು ಹಂಚುತ್ತದೆ.

ಆದರೆ ಕಾಲುವೆಗೂ ಒಂದು ಮಿತಿಯುಂಟು. ಅನೇಕ ಡಾಕುಗಳಲ್ಲಿ ಚಿತ್ರಕ್ಕೆ ದೊರೆಯುವುದು ಎರಡೇ ಜೋಡಿ. ಜೋಡಿಗೆ ೫೪೦ ಕೋಟಿ ಬಿಟ್‌ಗಳ ವೇಗವಿದ್ದರೆ, ಹತ್ತರಲ್ಲಿ ಎಂಟು ಮಾತ್ರ ನಿಜವಾದ ಮಾಹಿತಿಯಾದುದರಿಂದ, ಒಟ್ಟು ಉಪಯುಕ್ತ ಹರಿವು ೮೬೪ ಕೋಟಿ. ಸಾಧಾರಣ ತೆರೆಗಳೆರಡು ಇದರಲ್ಲಿ ಅಡಗುತ್ತವೆ. ಆದರೆ ೩೮೪೦ಕ್ಕೆ ೨೧೬೦ ಬಿಂದುಗಳ ದೊಡ್ಡ ತೆರೆಗೆ ಸೆಕೆಂಡಿಗೆ ಸುಮಾರು ೧,೧೯೪ ಕೋಟಿ ಬೇಕು! ಆದುದರಿಂದಲೇ ಅಂತಹ ತೆರೆಯು ಕೆಲವು ಡಾಕುಗಳಲ್ಲಿ ಸೆಕೆಂಡಿಗೆ ೩೦ ಚಿತ್ರಗಳಿಗಷ್ಟೇ ಒಪ್ಪುತ್ತದೆ. ಅಥವಾ ಕಾಲುವೆಯ ಕೊನೆಯ ಹೊಲದಂತೆ ಎರಡನೆಯ ಮಾನಿಟರು ಒಣಗಿ ನಿಲ್ಲುತ್ತದೆ. ಒಂದರ ಬಿಂದುಗಳನ್ನೋ ವೇಗವನ್ನೋ ಕಡಿಮೆ ಮಾಡಿದೊಡನೆ ಇನ್ನೊಂದು ಬೆಳಗಿದರೆ, ಕೊರತೆಯು ಹರಿವಿನದೆಂದು ತಿಳಿಯಬೇಕು.

ಟ್ಯಾಂಕರಿನ ಹಾದಿ

ಯಲಬುರ್ಗಾ, ಕುಷ್ಟಗಿಗಳ ಎತ್ತರದ ಎರೆಭೂಮಿಯು ಬಹುಮಟ್ಟಿಗೆ ಮಳೆಯನ್ನೇ ನಂಬಿದೆ. ಬೇಸಿಗೆಯಲ್ಲಿ ಊರಿಗೆ ನೀರು ಬೇಕಾದರೆ ಟ್ಯಾಂಕರು ಬರಬೇಕು. ಟ್ಯಾಂಕರಿಗೆ ಕಾಲುವೆ ಬೇಡ. ಎಲ್ಲರೂ ಓಡಾಡುವ ರಸ್ತೆಯೇ ಸಾಕು. ಆದರೆ ಇತ್ತ ತುಂಬುವವನೊಬ್ಬ, ಅತ್ತ ಇಳಿಸುವವನೊಬ್ಬ ಇರಲೇಬೇಕು. ಎರಡನೆಯ ಹಾದಿಯು ಇಂತಹುದು. ಇದರಲ್ಲಿ ಬಹಳ ಪ್ರಚಾರದಲ್ಲಿರುವುದು ಡಿಸ್‌ಪ್ಲೇಲಿಂಕ್.

ಇಲ್ಲಿ ಲ್ಯಾಪ್‌ಟಾಪಿನ ಮುಖ್ಯ ಸಂಸ್ಕಾರಕವೇ ಚಿತ್ರವನ್ನು ಕುಗ್ಗಿಸಿ, ಸಾಧಾರಣ ಯುಎಸ್‌ಬಿ ಮಾಹಿತಿಯ ಕಟ್ಟುಗಳನ್ನಾಗಿ ಮಾಡಿ ಕಳುಹಿಸುತ್ತದೆ; ಡಾಕಿನಲ್ಲಿರುವ ಚಿಪ್ಪು ಅವನ್ನು ಬಿಚ್ಚಿ ಮಾನಿಟರಿಗೆ ಕೊಡುತ್ತದೆ. ತೆರೆಯಲ್ಲಿ ಬದಲಾದ ಭಾಗವನ್ನಷ್ಟೇ ಕಳುಹಿಸಿದರೆ ಸಾಕಾದುದರಿಂದ ಕಿರಿದಾದ ರಸ್ತೆಯಲ್ಲಿಯೂ ಕೆಲಸ ಸಾಗುತ್ತದೆ. ನೀರನ್ನು ಹೀಗೆ ಕುಗ್ಗಿಸಲಾಗದು. ಉಪಮೆಯು ಇಲ್ಲಿಗೆ ನಿಲ್ಲುತ್ತದೆ. ನಮ್ಮ ನಕ್ಷೆ, ಕೋಷ್ಟಕಗಳಿಗೆ ಇದು ಚೆನ್ನಾಗಿ ಒದಗುತ್ತದೆ. ಚಲನಚಿತ್ರವನ್ನು ತೋರಿಸಿದರೆ ಮಾತ್ರ ಸಂಸ್ಕಾರಕವು ಬಿಸಿಯೇರಿ ಫ್ಯಾನು ಜೋರಾಗಿ ತಿರುಗತೊಡಗುತ್ತದೆ.

ತುಂಬುವವನ ಕೆಲಸ ಡ್ರೈವರಿನದು. ಯುಎಸ್‌ಬಿ ೨.೦ರ ಕಾಲದ ಹಳೆಯ ಚಿಪ್ಪುಗಳ ಡ್ರೈವರು ಕರ್ನೆಲಿನಲ್ಲಿಯೇ ಇದೆ. ಆಮೇಲಿನ ಚಿಪ್ಪುಗಳಿಗೆ ಲಿನಕ್ಸಿನ ಡ್ರೈವರು ೨೦೧೫ರಿಂದ ದೊರೆಯುತ್ತಿದೆಯಾದರೂ, ಅದನ್ನು ನಾವೇ ತಂದು ಸ್ಥಾಪಿಸಬೇಕು. ಅದರಲ್ಲಿ ಎರಡು ಭಾಗಗಳು. ‘ಇವಿಡಿಐ’ ಎಂಬ ಭಾಗವು ಕರ್ನೆಲಿಗೆ ಸೇರಿಕೊಂಡು, ಇಲ್ಲದ ಮಾನಿಟರೊಂದನ್ನು ಇದ್ದಂತೆ ತೋರಿಸುತ್ತದೆ. ಅಲ್ಲಿ ಮೂಡಿದ ಚಿತ್ರವನ್ನು ಇನ್ನೊಂದು ಭಾಗವು ತೆಗೆದು, ಕುಗ್ಗಿಸಿ, ಡಾಕಿಗೆ ಕಳುಹಿಸುತ್ತದೆ. ಮೊದಲನೆಯದರ ಬರೆಹವು ಎಲ್ಲರಿಗೂ ತೆರೆದದ್ದು, ಎರಡನೆಯದು ಮುಚ್ಚಿದ್ದು. ಕಟ್ಟುವ ಕ್ರಮವು ಪ್ರಕಟವಾಗಿಲ್ಲದ ಮೇಲೆ ಅದನ್ನು ಕರ್ನೆಲ್ ತಾನಾಗಿ ಅರಿಯದಿರುವುದು ಸಹಜ.

ನಮ್ಮ ಒಗಟು ಇಲ್ಲಿಗೆ ಬಿಡಿಸಿತು. ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆಜ್ಞೆಯನ್ನು ಕೊಟ್ಟಾಗ, ಜೋಡಿಸಿದ ಉಪಕರಣಗಳ ಪಟ್ಟಿಯಲ್ಲಿ ‘೧೭ಇ೯’ ಎಂಬ ಅಂಕವು ಕಂಡಿತು. ಅದು ಡಿಸ್‌ಪ್ಲೇಲಿಂಕಿನ ಗುರುತು. ಡ್ರೈವರು ಇರಲಿ ಇಲ್ಲದಿರಲಿ ಕಾಣುವಂತಹುದು. ನಮ್ಮ ಡಾಕಿನ ಎರಡು ಕಿಂಡಿಗಳು ಹೊರಗೆ ಅವಳಿಗಳಂತಿದ್ದರೂ, ಒಳಗೆ ಒಂದು ಕಾಲುವೆಗೂ ಇನ್ನೊಂದು ಟ್ಯಾಂಕರಿಗೂ ಸೇರಿದ್ದುವು. ವಿಂಡೋಸಿನ ಯಂತ್ರದಲ್ಲಿ ಬೇಕಾದ ಡ್ರೈವರು ಮೊದಲೇ ಇದ್ದಿತು, ಅಷ್ಟೇ ವ್ಯತ್ಯಾಸ.

ಪರೀಕ್ಷೆಯ ಬೆಳಿಗ್ಗೆ

ಡ್ರೈವರನ್ನು ಸ್ಥಾಪಿಸಿದರೂ ತೆರೆ ಬೆಳಗಲಿಲ್ಲ. ‘ಸೆಕ್ಯೂರ್ ಬೂಟ್’ ಎಂಬ ಕಾವಲು ಜಾಗೃತವಾಗಿದ್ದರೆ, ಮುದ್ರೆಯಿಲ್ಲದ ಭಾಗವನ್ನು ಕರ್ನೆಲಿನೊಳಕ್ಕೆ ಬಿಡುವುದಿಲ್ಲ. ನಮ್ಮದೇ ಮುದ್ರೆಯನ್ನು ನೋಂದಾಯಿಸಬೇಕು. ಅದಕ್ಕಾಗಿ ಯಂತ್ರವನ್ನು ಮತ್ತೆ ಆರಂಭಿಸಿದಾಗ ಒಂದು ನೀಲಿ ತೆರೆ ಬಂದು ಹತ್ತು ಸೆಕೆಂಡು ಕಾದು ಹೊರಟುಹೋಗುತ್ತದೆ. ಮೊದಲ ಸಲ ನಾವು ಚಹಾ ತರಲು ಹೋಗಿ ಅದನ್ನು ತಪ್ಪಿಸಿಕೊಂಡೆವು. ಎರಡನೆಯ ಸಲ ಎದುರಿಗೇ ಕುಳಿತು ಗುಪ್ತಪದವನ್ನು ಕೊಟ್ಟ ಮೇಲೆ ಎರಡೂ ಮಾನಿಟರುಗಳು ಬೆಳಗಿದುವು.

ಆದರೆ ಪಾಠವು ಪೂರ್ತಿಯಾಗಿರಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯ ಹಿಂದಿನ ಸಂಜೆ, ಎಲ್ಲವೂ ಹೊಸದಾಗಿರಲೆಂದು ವ್ಯವಸ್ಥೆಯನ್ನು ನವೀಕರಿಸಿದೆವು. ಬೆಳಿಗ್ಗೆ ಮೊದಲ ಬಸ್ಸಿಗೆ ಕುಷ್ಟಗಿ, ಯಲಬುರ್ಗಾಗಳಿಂದ ಬಂದ ವಿದ್ಯಾರ್ಥಿಗಳು ಬಾಗಿಲಲ್ಲಿ ನಿಂತಿರುವಾಗ, ಎರಡನೆಯ ತೆರೆ ಮತ್ತೆ ಕತ್ತಲು! ನವೀಕರಣದಲ್ಲಿ ಕರ್ನೆಲೇ ಬದಲಾಗಿತ್ತು. ಇವಿಡಿಐಯನ್ನು ಹೊಸ ಕರ್ನೆಲಿಗೆ ತಕ್ಕಂತೆ ಮತ್ತೆ ಕಟ್ಟಬೇಕು. ನಮ್ಮಲ್ಲಿದ್ದ ಆವೃತ್ತಿಯು ಅದಕ್ಕೆ ಹೊಂದಿಕೊಂಡಿರಲಿಲ್ಲ. ಅದೃಷ್ಟವಶಾತ್ ಲಿನಕ್ಸ್ ಹಳೆಯ ಕರ್ನೆಲನ್ನೂ ಉಳಿಸಿಕೊಂಡಿರುತ್ತದೆ. ಆರಂಭದ ಪಟ್ಟಿಯಲ್ಲಿ ಅದನ್ನು ಆರಿಸಿಕೊಂಡೊಡನೆ ತೆರೆ ಬೆಳಗಿ, ಪರೀಕ್ಷೆಯು ಕಾಲು ಗಂಟೆ ತಡವಾಗಿ ನಡೆಯಿತು. ಈ ಗೊಂದಲದ ನಡುವೆಯೂ ಕಾಲುವೆಯ ಹಾದಿಯ ಮಾನಿಟರು ಮಾತ್ರ ಒಂದು ಗಳಿಗೆಯೂ ಆರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಕೊಳ್ಳುವ ಮುನ್ನ

ಮೊದಲು ಲ್ಯಾಪ್‌ಟಾಪಿನ ಟೈಪ್-ಸಿ ಕಿಂಡಿಯು ಚಿತ್ರವನ್ನು ಹೊರಗೆ ಕಳುಹಿಸಬಲ್ಲುದೇ ಎಂಬುದನ್ನು ಕೈಪಿಡಿಯಲ್ಲಿ ನೋಡಬೇಕು. ಎಲ್ಲ ಕಿಂಡಿಗಳಿಗೂ ಆ ಶಕ್ತಿಯಿಲ್ಲ. ಎರಡನೆಯದಾಗಿ, ಫೋನಿನ ಚಾರ್ಜರಿನೊಡನೆ ಬಂದ ಕೇಬಲನ್ನು ನಂಬಬಾರದು. ಅಂತಹ ಎಷ್ಟೋ ಕೇಬಲುಗಳಲ್ಲಿ ಅತಿವೇಗದ ಜೋಡಿತಂತಿಗಳೇ ಇರುವುದಿಲ್ಲ. ಮೂರನೆಯದಾಗಿ, ಡಾಕಿನ ಪೆಟ್ಟಿಗೆಯ ಮೇಲೆ ‘ಡಿಸ್‌ಪ್ಲೇಲಿಂಕ್’ ಎಂದಾಗಲಿ, ‘ಡ್ರೈವರು ಬೇಕು’ ಎಂದಾಗಲಿ, ಹಳೆಯ ಚಪ್ಪಟೆ ಯುಎಸ್‌ಬಿ ಕಿಂಡಿಯಿಂದಲೂ ಮಾನಿಟರು ನಡೆಯುವುದೆಂದಾಗಲಿ ಬರೆದಿದ್ದರೆ, ಅದು ಟ್ಯಾಂಕರಿನ ಹಾದಿಯೆಂದು ತಿಳಿಯಬೇಕು. ಕೊಳ್ಳಲೇಬಾರದೆಂದಲ್ಲ, ಕಾಲುವೆಯಿಲ್ಲದ ಲ್ಯಾಪ್‌ಟಾಪಿಗೆ ಅದೇ ಗತಿ. ಆದರೆ ಮುಖ್ಯವಾದ ದಿನದ ಹಿಂದಿನ ಸಂಜೆ ಕರ್ನೆಲನ್ನು ಬದಲಿಸಬಾರದು.

ಮಿತ್ರರ ತೀರ್ಪಿನಲ್ಲಿ ಸ್ವಲ್ಪ ಸತ್ಯವಿತ್ತು. ಲಿನಕ್ಸಿನಲ್ಲಿ ಎರಡನೆಯ ಹಾದಿಗೆ ಹೆಚ್ಚು ಶ್ರಮ ಬೇಕು. ಆದರೆ ಕತ್ತಲಾದ ತೆರೆಯನ್ನು ಕಂಡೊಡನೆ ಯಾರ ದೋಷವೆಂದು ಕೇಳುವುದಕ್ಕಿಂತ, ನೀರು ಯಾವ ಹಾದಿಯಲ್ಲಿ ಬರಬೇಕಾಗಿತ್ತು, ಎಲ್ಲಿ ನಿಂತಿತು ಎಂದು ಕೇಳುವುದು ಮೇಲು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕೆಂಬುದು ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಕಲಿಸುವ ಮೊದಲ ಪಾಠ. ಆ ಡಾಕು ಅದನ್ನು ನಮಗೇ ಮತ್ತೊಮ್ಮೆ ಕಲಿಸಿತು.