ಕಡ ತಂದ ಫಂಕ್ಷನ್ ಮನೆ ಮಗ ಆದಾಗ

ಬೆಳಗಾವಿಯಿಂದ ಖಾನಾಪುರಕ್ಕ ರೈಲಿನ್ಯಾಗ ಹೊರಟ್ರ ನಡುವ ದೇಸೂರು, ಇದ್ದಲಹೊಂಡ ಬರ್ತಾವ. ಈ ಮೂರು ತುಂಡುಗಳ ದೂರ ಕೂಡಿಸಲು ಪರ್ಲ್‌ನಲ್ಲಿ ‘ದಾರಿ’ ಅಂತ ಒಂದು ಕ್ಲಾಸ್ ಬರೆದೀರಿ ಅನ್ನಿ. ಅದರೊಳಗೆ ಲಿಸ್ಟ್::ಯುಟಿಲ್‌ನಿಂದ ‘ಸಮ್’ ಇಂಪೋರ್ಟ್ ಮಾಡಿದ್ರಿ. ಒಟ್ಟು ದೂರ ಹೇಳುವ ಮೆಥಡ್‌ಗೆ ‘ಟೋಟಲ್’ ಅಂತ ಹೆಸರಿಟ್ರಿ. ನಿಮ್ಮ ಗೆಳೆಯ ಮರೆತು ಆಬ್ಜೆಕ್ಟ್ ಮೇಲೆ ‘ಸಮ್’ ಕರೆದ. ಎರರ್ ಬರಬೇಕಿತ್ತು, ಬರಲಿಲ್ಲ. ಖಾನಾಪುರ ಕೋಟಿಗಟ್ಟಲೆ ಕಿಲೋಮೀಟರ್ ದೂರ ಹೋಗಿತ್ತು!

ಯಾಕ? ಪರ್ಲ್‌ನಲ್ಲಿ ಫಂಕ್ಷನ್‌ಗೆ ಒಂದು ಪಟ್ಟಿ, ಮೆಥಡ್‌ಗೆ ಇನ್ನೊಂದು ಅಂತ ಇಲ್ಲ. ಎರಡೂ ಪ್ಯಾಕೇಜಿನ ಒಂದೇ ಸಿಂಬಲ್ ಟೇಬಲ್‌ನಲ್ಲಿ ಕೂಡ್ತಾವ. ಹಂಗಾಗಿ ಕಡ ತಂದ ‘ಸಮ್’ ಕೂಡ ಮೆಥಡ್ ಆಗಿ ಸಿಕ್ತದ, ಸಬ್‌ಕ್ಲಾಸ್‌ಗಳಿಗೂ ಇಳೀತದ. ಮೆಥಡ್ ಕರೆಯಲ್ಲಿ ಆಬ್ಜೆಕ್ಟೇ ಮೊದಲ ಆರ್ಗ್ಯುಮೆಂಟ್. ‘ಸಮ್’ ಆ ರೆಫರೆನ್ಸನ್ನೇ ಸಂಖ್ಯೆ ಅಂತ ಓದಿತು. ಬಂದದ್ದು ದೂರ ಅಲ್ಲ, ಮೆಮೊರಿ ಅಡ್ರೆಸ್.

ಪರಿಹಾರ ಮೂರು ಅದಾವ:

೧. ಏನನ್ನೂ ಇಂಪೋರ್ಟ್ ಮಾಡದೆ ಲಿಸ್ಟ್::ಯುಟಿಲ್::ಸಮ್ ಅಂತ ಪೂರ್ತಿ ಹೆಸರಿನಿಂದ ಕರೆಯಿರಿ.

೨. ಸಿಪ್ಯಾನ್‌ನ ನೇಮ್‌ಸ್ಪೇಸ್::ಕ್ಲೀನ್ ಬಳಸಿ. ಇಂಪೋರ್ಟ್ ಸಾಲುಗಳ ನಂತರ, ನಿಮ್ಮ ಮೆಥಡ್‌ಗಳಿಗೆ ಮೊದಲು ಅದರ ಸಾಲು ಇರಲಿ. ತನಗಿಂತ ಮೇಲೆ ಬಂದ ಹೆಸರುಗಳನ್ನು ಕಂಪೈಲ್ ಮುಗಿದಾಗ ಅದು ಅಳಿಸುತ್ತದೆ. ಒಳಗಿನ ಕರೆಗಳು ಕಂಪೈಲ್ ಆಗುವಾಗಲೇ ಫಂಕ್ಷನ್‌ಗೆ ಗಂಟು ಬಿದ್ದಿರುವುದರಿಂದ ‘ಟೋಟಲ್’ ಆರಾಮಾಗಿ ನಡೀತದ.

೩. ನೇಮ್‌ಸ್ಪೇಸ್::ಆಟೋಕ್ಲೀನ್ ಬಳಸಿದರೆ ಸಾಲಿನ ಜಾಗದ ಚಿಂತಿ ಇಲ್ಲ. ಹೊರಗಿನಿಂದ ಬಂದದ್ದನ್ನು ತಾನೇ ಗುರುತಿಸಿ ತೆಗೀತದ.

ಈಗ ಗೆಳೆಯ ‘ಸಮ್’ ಕರೆದ್ರ ಅಂಥ ಮೆಥಡ್ ಇಲ್ಲ ಅಂತ ಪ್ರೋಗ್ರಾಮ್ ಅಲ್ಲೇ ನಿಲ್ತದ. ತಪ್ಪು ಉತ್ತರಕ್ಕಿಂತ ಎರರ್ ಛಲೋ, ಹೌದಲ್ರಿ?